ಊರೊಳಗಿಂದ ಬರದ ಮಷಿನ್ನು

ಮೊನ್ನೆ ಹಾಕಿದ ಫೋಟೋ ನೋಡಿ ಸುಮಾರು ಜನ ಇನ್‌ಬಾಕ್ಸಿಗೆ ಬಂದು "ಅದೇನಣ್ಣ, ಅಷ್ಟು ದೊಡ್ಡ ಫ್ರಿಜ್ಜು?" ಅಂತ ಕೇಳಿದ್ರಿ. ಫ್ರಿಜ್ಜಲ್ಲ ಕಣ್ರಪ್ಪ, ಸಿಎನ್‌ಸಿ ಮಿಲ್ಲಿಂಗ್ ಮಷಿನ್ನು. ಕಬ್ಬಿಣದ ತುಂಡನ್ನ ಪ್ರೋಗ್ರಾಂ ಹೇಳಿದ ಹಾಗೆ ಕಡಿದು, ಕೊರೆದು ಆಕಾರಕ್ಕೆ ತರೋ ಯಂತ್ರ. 1996ರದ್ದು. ಪೀಣ್ಯದ ಒಂದು ಗೋಡೌನಲ್ಲಿ ಟಾರ್ಪಾಲು ಹೊದ್ದು ಬಿದ್ದಿತ್ತು. ಗುಜರಿ ರೇಟಿಗಿಂತ ಸ್ವಲ್ಪ ಜಾಸ್ತಿ ಕೊಟ್ಟು ತಂದೆ.

ಹಾಸನದಲ್ಲಿ ಐಟಿಐ ಮುಗಿಸಿ ಪೀಣ್ಯಕ್ಕೆ ಹೋದವನು ನಾನು. 14 ವರ್ಷ ಇಂಥದೇ ಮಷಿನ್ ಮುಂದೆ ನಿಂತಿದ್ದೆ. ಬಟನ್ ಒತ್ತೋದು, ಪೀಸ್ ಇಳಿಸೋದು, ಅಷ್ಟೇ. ಕೆಟ್ಟರೆ ಕ್ಯಾಬಿನೆಟ್ ಬಾಗಿಲು ತೆಗೆಯೋಕೆ ಬೇರೆಯವರು ಬರ್ತಿದ್ರು. ಅದಕ್ಕೆ ಜಾತಿಯೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಆ ಮೆಂಟೆನೆನ್ಸ್ ಟೀಮಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. 2020ರ ಲಾಕ್‌ಡೌನಲ್ಲಿ ಕೆಲಸ ಹೋಯ್ತು, ಊರಿಗೆ ಬಂದೆ.

ಸಾಲಕ್ಕೆ ಬ್ಯಾಂಕಿಗೆ ಹೋದೆ. 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ ಒಂದೊಂದು ಶಾಖೆಯೂ ಕನಿಷ್ಠ ಒಬ್ಬ ಎಸ್‌ಸಿ ಅಥವಾ ಎಸ್‌ಟಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂತಿತ್ತು. ನನ್ನ ಕೇಳಿದ್ದು ಜಮೀನಿನ ಪತ್ರ. ಜಮೀನು ಇದ್ದಿದ್ರೆ ನಾನು ಪೀಣ್ಯಕ್ಕೆ ಯಾಕ್ ಹೋಗ್ತಿದ್ದೆ? ಕೊನೆಗೆ ಪಿಎಫ್ ದುಡ್ಡು, ಹೆಂಡತಿ ಒಡವೆ.

ಈಗ ಹೇಳೋಕೆ ನಾಚಿಕೆಯಾಗೋ ಭಾಗ.

ಮಷಿನ್ನು ನಾಲ್ಕು ಟನ್ ಹತ್ತಿರ ತೂಕ. ಲಾರಿ ಊರ ಬಾಗಿಲಿಗೆ ಬಂತು. ನಮ್ಮ ಕೇರಿಗೆ ನೆಟ್ಟಗಿನ ದಾರಿ ಊರೊಳಗಿಂದ, ದೇವಸ್ಥಾನದ ಮುಂದಿನಿಂದ. ನಾಲ್ಕೈದು ಜನ ಅಡ್ಡ ಬಂದ್ರು. ಬೈಲಿಲ್ಲ, ಹೊಡೀಲಿಲ್ಲ. "ತೇರಿನ ಬೀದಿ ಕಣಪ್ಪ, ಭಾರಕ್ಕೆ ಕಲ್ಲು ಒಡೆದು ಹೋಯ್ತದೆ, ಏರಿ ಮೇಲೆ ಹೋಗು" ಅಂದ್ರು. ಅದೇ ವಾರ ಅದೇ ಕಲ್ಲಿನ ಮೇಲೆ ಭತ್ತದ ಲಾರಿ ಹೋಗಿದ್ದನ್ನ ನಾನೇ ನೋಡಿದ್ದೆ.

2015ರಲ್ಲಿ ನಮ್ಮ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಹೋಗಿದ್ದಕ್ಕೆ ಏನೇನಾಯ್ತು ಅಂತ ಇಡೀ ರಾಜ್ಯ ನೋಡಿದೆ. ಅವರ ಪರವಾಗಿ ಫ್ಯಾಕ್ಟರಿಗೆ ರಜೆ ಹಾಕಿ ಬಂದು ಘೋಷಣೆ ಕೂಗಿದವನು ನಾನು. ನನ್ನ ಸರದಿ ಬಂದಾಗ ಲಾರಿ ಬಾಡಿಗೆ ಏರ್ತಿತ್ತು, ಅವ್ವ ಕೈ ಹಿಡ್ಕೊಂಡು "ಬ್ಯಾಡ ಮಗ" ಅಂದ್ಲು. ಸುಮ್ಮನಾದೆ. ಚಾನೆಲ್ ಏರಿ ಮೇಲೆ, ಮುಂದೆ ಜೆಸಿಬಿ ಮಣ್ಣು ತಳ್ತಾ, ಹಿಂದೆ ಲಾರಿ ಓಲಾಡ್ತಾ, ಮೂರು ಗಂಟೆ ಹಿಡೀತು.

ಶೆಡ್ಡಲ್ಲಿ ಇಳಿಸಿ, ತ್ರೀ ಫೇಸ್ ಲೈನ್ ಬಂದ ಮೇಲೆ ಆನ್ ಮಾಡಿದ್ರೆ ಸ್ಕ್ರೀನ್ ತುಂಬ ಅಲಾರಂ. ಈ ಹಳೇ ಫಾನುಕ್ ಕಂಟ್ರೋಲಲ್ಲಿ ನೆನಪು ಉಳಿಸೋದು ಬ್ಯಾಟರಿ. ಮಷಿನ್ ಆಫ್ ಆಗಿದ್ದಾಗ ಅದು ಸತ್ತರೆ ಪ್ಯಾರಾಮೀಟರ್ ಎಲ್ಲ ಹೋಗುತ್ತೆ. ಯಾವ ಮೋಟರ್ ಹೇಗೆ ತಿರುಗಬೇಕು, ಟೇಬಲ್ ಎಲ್ಲಿ ನಿಲ್ಲಬೇಕು, ಎಲ್ಲಾ ಮರೆತು ಬಿಡುತ್ತೆ. ಅದಕ್ಕೇ ಬ್ಯಾಟರಿ ಬದಲಿಸೋದು ಪವರ್ ಆನ್ ಇದ್ದಾಗಲೇ. 14 ವರ್ಷದಲ್ಲಿ ಇದನ್ನ ನನಗೆ ಯಾರೂ ಹೇಳಿರಲಿಲ್ಲ.

ಪುಣ್ಯಕ್ಕೆ ಕ್ಯಾಬಿನೆಟ್ ಬಾಗಿಲ ಒಳಗೆ ಹಳದಿಯಾದ ಪ್ಯಾರಾಮೀಟರ್ ಶೀಟು ಸಿಕ್ತು. ಎಸ್ಸೆಸ್ಸೆಲ್ಸಿ ಓದ್ತಿರೋ ಮಗಳು ಓದಿ ಹೇಳೋದು, ನಾನು ಒತ್ತೋದು. ಎರಡು ರಾತ್ರಿ. ಒಂದು ಕಡೆ 0 ಬದಲು 1 ಒತ್ತಿಬಿಟ್ಟೆ. ರೆಫರೆನ್ಸಿಗೆ ಕಳಿಸಿದ್ರೆ ಟೇಬಲ್ ಉಲ್ಟಾ ಹೊರಟಿತು. ಎಮರ್ಜೆನ್ಸಿ ಬಟನ್ ಒತ್ತಿದ್ದು ಮಗಳೇ.

ಆಮೇಲೆ ಡಯಲ್ ಗೇಜ್ ಇಟ್ಟು ನೋಡಿದ್ರೆ ಟೇಬಲ್ ಹೋಗಿ ವಾಪಸ್ ಬರುವಾಗ 0.09 ಮಿಲಿಮೀಟರ್ ಲೂಸು. ಹೆಚ್ಚುಕಮ್ಮಿ ಒಂದು ತಲೆಗೂದಲಷ್ಟು. ಕೂದಲೇ ತಾನೆ ಅನ್ಬೇಡಿ, ಬೇರಿಂಗ್ ಕೂರೋ ಜಾಗಕ್ಕೆ ಅದು ಬಲು ದೊಡ್ಡದು. ಬಾಲ್ ಸ್ಕ್ರೂ ಹೋಗಿದೆ, ಹೊಸದು ಹಾಕು ಅಂದ್ರು. ಅಷ್ಟು ದುಡ್ಡೆಲ್ಲಿ? ಅರಕಲಗೂಡಿನ ಗೆಳೆಯನೊಬ್ಬನ್ನ ಕರೆಸಿ ಬಿಚ್ಚಿದ್ವಿ. ಸ್ಕ್ರೂ ಚೆನ್ನಾಗೇ ಇತ್ತು. ಅದರ ತುದಿಯ ಬೇರಿಂಗಿನ ಸೀಲ್ ಹರಿದು ಕೂಲೆಂಟ್ ನೀರು ಇಳಿದು ಬೇರಿಂಗ್ ಸವೆದಿತ್ತು. ಜೋಡಿ ಬದಲಿಸಿದ್ವಿ. ಕಟ್ಟಿಕೊಂಡಿದ್ದ ಎಣ್ಣೆ ಪೈಪು ಒಂದೊಂದೂ ಊದಿ ತೆರೆದ್ವಿ. ಲೂಸು 0.02ಕ್ಕೆ ಬಂತು. ಉಳಿದದ್ದನ್ನ ಕಂಟ್ರೋಲಲ್ಲೇ ಸರಿದೂಗಿಸಿದೆ.

ಮೊದಲ ಕೆಲಸ ಚನ್ನರಾಯಪಟ್ಟಣದಿಂದ ಬಂತು, ತೆಂಗಿನ ನಾರು ತೆಗೆಯೋ ಮಷಿನ್ನಿನ ಫ್ಲೇಂಜು. ಹೋದ ತಿಂಗಳು, ಅವತ್ತು ಬೀದಿಗೆ ಅಡ್ಡ ನಿಂತಿದ್ದವರಲ್ಲಿ ಒಬ್ಬರು ಬಂದ್ರು. ಕೈಯಲ್ಲಿ ಆಲೂಗಡ್ಡೆ ಬಿತ್ತೋ ಯಂತ್ರದ ಒಡೆದ ಬೇರಿಂಗ್ ಹೌಸಿಂಗು. ಬಿತ್ತನೆ ಸಮಯ, ಹಾಸನದಲ್ಲಿ ಸ್ಪೇರ್ ಸಿಗ್ಲಿಲ್ವಂತೆ. ಶೆಡ್ಡಿನ ಹೊರಗೇ ನಿಂತು ನೀಡಿದ್ರು. "ಶಾಫ್ಟ್ ಅಳತೆ ನೋಡ್ಬೇಕು, ಒಳಗೆ ಬನ್ನಿ" ಅಂದೆ. ಸ್ವಲ್ಪ ಹೊತ್ತು ನಿಂತು, ಒಳಗೆ ಬಂದ್ರು. ನೀರು ಕೊಟ್ರೆ ಬೇಡ ಅಂದ್ರು. ಸಂಜೆಗೆ ಮಾಡಿಕೊಟ್ಟೆ. ಎಲ್ಲರಿಗೂ ಎಷ್ಟೋ ಅವರಿಗೂ ಅಷ್ಟೇ, ಬಿಲ್ ಸಮೇತ.

ಮನ ಪರಿವರ್ತನೆ ಆಯ್ತು ಅಂತ ಬರೆದು ಲೈಕ್ ತಗೊಳ್ಳೋದು ಸುಲಭ. ಆಗಿಲ್ಲ. ಅವರಿಗೆ ಹೌಸಿಂಗ್ ಬೇಕಿತ್ತು, ನನಗೆ ದುಡಿಮೆ ಬೇಕಿತ್ತು. ನೀರು ಇನ್ನೂ ಲೋಟದಲ್ಲೇ ಇದೆ.

ಆದ್ರೆ ಬರೋ ತಿಂಗಳು ಒಂದು ಹಳೇ ಲೇತ್ ಬರ್ತಿದೆ. ಸಂವಿಧಾನದ 15(2)ನೇ ವಿಧಿ ಓದಿ ನೋಡಿ. ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆ ಅನ್ನೋ ಪದವೂ ಅಲ್ಲಿದೆ. ಬಾಬಾಸಾಹೇಬರಿಗೆ ನಮ್ಮೂರಿನ ಬೀದಿ ಗೊತ್ತಿತ್ತು. ತಹಸೀಲ್ದಾರರಿಗೂ ಠಾಣೆಗೂ ಮೊದಲೇ ಅರ್ಜಿ ಕೊಟ್ಟಿದ್ದೀನಿ. ಈ ಸಲ ಲಾರಿ ಊರೊಳಗಿಂದಲೇ ಬರುತ್ತೆ. ಅವ್ವಂಗೂ ಹೇಳಿದ್ದೀನಿ.

ದಿನ ಗೊತ್ತಾದ ಮೇಲೆ ಇಲ್ಲೇ ಹಾಕ್ತೀನಿ. ಜಗಳಕ್ಕಲ್ಲ, ಜೊತೆಗೆ ನಡೆಯೋಕೆ ಬನ್ನಿ. ಇನ್ನೊಂದು ಮಾತು. ಐಟಿಐ ಮಾಡಿ ಮನೇಲಿ ಕೂತಿರೋ ನಮ್ಮ ಹುಡುಗ ಹುಡುಗೀರು ಭಾನುವಾರ ಶೆಡ್ಡಿಗೆ ಬರಬಹುದು, ದುಡ್ಡು ಬೇಡ. ಮೊದಲನೇ ಪಾಠ, ಕ್ಯಾಬಿನೆಟ್ ಬಾಗಿಲು ತೆಗೆಯೋದು.

ಜೈ ಭೀಮ್.