ಹೊರೆಯ ಪಾಲು

ಇಬ್ಬರು ಸೇರಿ ಒಂದು ಮೂಟೆಯನ್ನು ಬೊಂಬಿಗೆ ಕಟ್ಟಿ ಹೊತ್ತರೆ, ಭಾರವು ಸಮನಾಗಿ ಹಂಚಿಹೋಯಿತೆಂದೇ ನೋಡುವವರ ಭಾವನೆ. ಕೂಲಿ ಕೊಡುವವನೂ ಹಾಗೆಯೇ ತಿಳಿದು ಇಬ್ಬರ ಕೈಗೂ ಸರಿಸಮನಾದ ಹಣವನ್ನಿಡುತ್ತಾನೆ. ಹೊತ್ತವರ ಹೆಗಲುಗಳು ಹೇಳುವ ಲೆಕ್ಕವಾದರೋ ಬೇರೆಯಾಗಿರಬಹುದು. ಆ ಲೆಕ್ಕವನ್ನು ಕಾಗದದ ಮೇಲೆ ತೆಗೆಯುವ ಮಾರ್ಗ ಬಹು ಹಳೆಯದು. ಸನ್ನೆಗೋಲಿನ ಎರಡು ಕಡೆಯ ಭಾರಗಳು, ಆಧಾರದಿಂದ ತಮಗಿರುವ ದೂರಕ್ಕೆ ವಿಲೋಮ ಪ್ರಮಾಣದಲ್ಲಿದ್ದರೆ ತೂಗಿ ನಿಲ್ಲುವುವೆಂದು ಸಿರಾಕ್ಯೂಸ್ ನಗರದ ಆರ್ಕಿಮಿಡೀಸನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಸಾಧಿಸಿ ತೋರಿಸಿದನು.

ಬೊಂಬಿನ ಉದ್ದ 6 ಅಡಿ, ಮೂಟೆಯ ತೂಕ 60 ಕಿಲೋ ಎಂದಿಟ್ಟುಕೊಳ್ಳೋಣ; ಬೊಂಬಿನ ಸ್ವಂತ ತೂಕವನ್ನು ಸದ್ಯಕ್ಕೆ ಮರೆಯಬಹುದು. ಹಗ್ಗವು ಮುಂದಿನವನ ಹೆಗಲಿಂದ 2 ಅಡಿ ದೂರದಲ್ಲಿದೆ. ಹೆಗಲುಗಳೆರಡೂ ಮೇಲಕ್ಕೆ ಕೊಡುವ ಬಲ ಒಟ್ಟು 60 ಆಗಬೇಕೆಂಬುದು ಮೊದಲನೆಯ ನಿಯಮ. ಆದರೆ ಇದು ಮೊತ್ತವನ್ನು ಹೇಳುತ್ತದೆಯೇ ಹೊರತು ಪಾಲನ್ನಲ್ಲ. ಬಲವನ್ನು ದೂರದಿಂದ ಗುಣಿಸಿದಾಗ ಬರುವ ತಿರುಗುಬಲವು, ಕಾಲೇಜಿನವರು ಟಾರ್ಕ್ ಎನ್ನುವುದು, ಯಾವ ಬಿಂದುವಿನಿಂದ ಅಳೆದರೂ ಎರಡು ದಿಕ್ಕಿಗೂ ಸಮನಾಗಿರಬೇಕೆಂಬುದು ಎರಡನೆಯದು. ಬಿಂದುವನ್ನು ಆರಿಸುವ ಈ ಸ್ವಾತಂತ್ರ್ಯದಲ್ಲಿಯೇ ಜಾಣತನವಿರುವುದು. ವಿದ್ಯಾರ್ಥಿಗಳು ಬೊಂಬಿನ ನಡುವನ್ನೇ ಹಿಡಿದು, ತಿಳಿಯದ ಎರಡು ಬಲಗಳೊಡನೆ ಒಟ್ಟಿಗೆ ಸೆಣಸುವುದುಂಟು. ಮುಂದಿನವನ ಹೆಗಲನ್ನೇ ಬಿಂದುವಾಗಿ ಹಿಡಿದರೆ ಅವನ ಬಲಕ್ಕೆ ದೂರವೇ ಇಲ್ಲವಾಗಿ ಅದು ಲೆಕ್ಕದಿಂದ ಜಾರಿಹೋಗುತ್ತದೆ. ಉಳಿಯುವುದು ಇಷ್ಟೆ: ಮೂಟೆಯ 60ನ್ನು 2ರಿಂದ ಗುಣಿಸಿದರೆ 120, ಅದನ್ನು 6 ಅಡಿ ದೂರದಿಂದ ತಡೆಯಲು ಹಿಂದಿನವನಿಗೆ 20 ಸಾಕು. ಮುಂದಿನವನಿಗೆ 40. ಒಬ್ಬನ ಹೊರೆಯನ್ನರಿಯಲು ಇನ್ನೊಬ್ಬನ ಹೆಗಲ ಬಳಿ ನಿಂತು ನೋಡಬೇಕಾಗುವುದೊಂದು ವಿಚಿತ್ರ.

ಕೂಲಿ ಮಾತ್ರ ಇಬ್ಬರಿಗೂ ಒಂದೇ! ಹಗ್ಗವನ್ನು ಒಂದಡಿ ಹಿಂದಕ್ಕೆ ಸರಿಸಿದ್ದರೆ 30, 30 ಆಗುತ್ತಿತ್ತು. ಹಗ್ಗವನ್ನು ಸರಿಸದೆಯೂ ಒಂದು ಉಪಾಯವುಂಟು. ಹಿಂದಿನವನು ತುದಿಯನ್ನು ಬಿಟ್ಟು ಒಂದಡಿ ಒಳಕ್ಕೆ ಬಂದು ಹೆಗಲು ಕೊಟ್ಟರೆ, 120ನ್ನು 5ರಿಂದ ಭಾಗಿಸಿ, ಅವನ ಪಾಲು 24ಕ್ಕೇರುತ್ತದೆ, ಮುಂದಿನವನದು 36ಕ್ಕಿಳಿಯುತ್ತದೆ. ಮೂಟೆಯಿಂದ ದೂರವಾಗಿ ತುದಿ ಹಿಡಿದವನೇ ಸುಖಿ. ಅವನು ಮುದುಕನಾಗಿದ್ದರೆ ಯಾರ ತಕರಾರೂ ಇರಲಾರದು. ತರುಣನಾಗಿದ್ದರೆ, ಮುಂದೆ ನಡೆಯುವ ಮುದುಕನಿಗೆ ಬೆನ್ನಹಿಂದೆ ನಡೆದಿರುವುದು ಕಾಣುವುದೂ ಇಲ್ಲ.

ಇಳಿಜಾರಿನಲ್ಲಿ ವಿಷಯ ಇನ್ನೂ ಸೂಕ್ಷ್ಮ. ಗುಡ್ಡ ಹತ್ತುವಾಗ ಕೆಳಗಿನವನಿಗೇ ಭಾರ ಹೆಚ್ಚೆಂದು ಜನರ ನಂಬಿಕೆ. ಹಗ್ಗದಲ್ಲಿ ಸಡಿಲವಾಗಿ ತೂಗುವ ಮೂಟೆಯ ಮಟ್ಟಿಗೆ ಇದು ಸರಿಯಲ್ಲ: ಹೆಗಲುಗಳು ನೇರ ಮೇಲಕ್ಕೆ ಎತ್ತುತ್ತಿರುವವರೆಗೆ, ಹಗ್ಗದ ಎರಡು ಕಡೆಯ ಅಡ್ಡದೂರಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಪಾಲು ಬದಲಾಗದು. ಮರದ ಬೀರುವನ್ನು ಮಲಗಿಸಿ, ತಳವನ್ನು ಹಿಡಿದು ಮಹಡಿಗೆ ಸಾಗಿಸುವಾಗಲಾದರೋ ನಂಬಿಕೆಯೇ ನಿಜ. ಆಗ ಗುರುತ್ವಕೇಂದ್ರವು ಕೈಗಳಿಗಿಂತ ಮೇಲಿದ್ದು, ಬೀರು ವಾಲಿದಂತೆಲ್ಲ ಕೆಳಗಿನವನತ್ತ ಸರಿಯುತ್ತದೆ. ಬೀರುವಿನ ಉದ್ದ 6 ಅಡಿ, ತೂಕ 60 ಕಿಲೋ, ಗುರುತ್ವಕೇಂದ್ರವು ಉದ್ದದ ನಟ್ಟನಡುವೆ, ತಳದಿಂದ 1 ಅಡಿ ಎತ್ತರದಲ್ಲಿ ಇದ್ದರೆ, 30 ಡಿಗ್ರಿ ಏರಿನಲ್ಲಿ ಕೆಳಗಿನವನಿಗೆ ಸುಮಾರು 36. ಅಟ್ಟದ ಕಡಿದಾದ ಮೆಟ್ಟಿಲಿನಲ್ಲಿ, 45 ಡಿಗ್ರಿಯಾದಾಗ, ಸರಿಯಾಗಿ 40. ಮೇಲಿನವನಿಗಿಂತ ಇಮ್ಮಡಿ. ಕೆಳಗೆ ನಿಲ್ಲುವವನು ಯಾರೆಂಬುದನ್ನು ಅಂಗಳದಲ್ಲಿಯೇ ನಿಶ್ಚಯಿಸಿಕೊಳ್ಳಬೇಕು; ನಡುಮೆಟ್ಟಿಲಿನಲ್ಲಿ ಜಾಗ ಬದಲಿಸಲು ಎಡೆಯಿರುವುದಿಲ್ಲ.