ಹ್ಯಾಂಡಲ್ ತುದಿಗೆ ಬಂದ ಗೇರು

ಇಲ್ಲಿ ಏನೂ ಬರೆಯದೆ ತುಂಬಾ ದಿನವಾಯ್ತು. ಕಾರಣ ಕೇಳಿದ್ರೆ ನಗ್ತೀರಿ. ಕಳೆದ ಮೂರು ಭಾನುವಾರ ನಾನು ವೇಮಗಲ್‌ನಲ್ಲಿ ಸೋದರಮಾವನ ಮನೆ ಜಗಲಿ ಮೇಲೆ ಕೂತು, ಒಂದು ಹಳೇ ಸೈಕಲ್ಲಿನ ಗೇರ್ ಕಡ್ಡಿಗಳನ್ನ ಕೆಳಗಿಂದ ಕಿತ್ತು ಹ್ಯಾಂಡಲ್ಲಿನ ತುದಿಗೆ ಕೂರಿಸ್ತಾ ಇದ್ದೆ. ಅಷ್ಟೇ ಕೆಲಸ. ಅದಕ್ಕೆ ಮೂರು ಭಾನುವಾರ!

ಸೈಕಲ್ ಮಾವನದು. ಇಂಗ್ಲೆಂಡಿನ ರ‍್ಯಾಲೀ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಮುಂದೆ ಎರಡು ಹಲ್ಲುಚಕ್ರ, ಹಿಂದೆ ಐದು. ಮಾವ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ರು. ಜತೆಗಿದ್ದ ಆಂಗ್ಲೋ ಇಂಡಿಯನ್ ಒಬ್ಬರು ಮನೆಮಂದಿ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ ಇದನ್ನ ಮಾವನಿಗೆ ಕೊಟ್ಟು ಹೋದ್ರಂತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಮಾವ ಸಾಮಾನೆಲ್ಲ ಟೆಂಪೋದಲ್ಲಿ ಕಳಿಸಿ, ತಾವು ಮಾತ್ರ ಈ ಸೈಕಲ್ ತುಳಿದು ಬಂಗಾರಪೇಟೆ, ಕೋಲಾರ ದಾಟಿ ಊರಿಗೆ ಬಂದ್ರು. ನಾವು ಹುಡುಗರು ಅಟ್ಲಾಸಿನಲ್ಲಿ ಕತ್ರಿ ಪೆಡ್ಲು ಹೊಡೆದು ಬೆಳೆದವರು, ಈ ಸೈಕಲ್ ಕಂಡ್ರೆ ಒಂಥರಾ ದೇವರ ಪಲ್ಲಕ್ಕಿ. ಮುಟ್ಟಿದ್ರೆ ಬೈಗುಳ.

ಮಾವ ಹೋಗಿ ಆರು ವರ್ಷ. ಮೊಳೆಗೆ ನೇತು ಹಾಕಿದ್ದ ಸೈಕಲ್ಲನ್ನ ಅತ್ತೆಯನ್ನ ಕಾಡಿ ಬೇಡಿ ಇಳಿಸಿಕೊಂಡೆ. ಟೈರು, ಟ್ಯೂಬು, ಚೈನು ಬದಲಾಯಿಸಿ ಓಡಿಸೋಕೆ ಶುರು ಮಾಡಿದೆ.

ಆ ಕಾಲದ ಇಂಥ ಸೈಕಲ್ಲುಗಳ ಗೇರ್ ಕಡ್ಡಿ ಇರೋದು ಎಲ್ಲಿ ಗೊತ್ತಾ? ಹ್ಯಾಂಡಲ್ ಬುಡದಿಂದ ಪೆಡಲ್ಲಿನ ಕಡೆಗೆ ಓರೆಯಾಗಿ ಇಳಿಯುವ ಕೊಳವೆ ಇದೆಯಲ್ಲ, ಅದರ ಮೇಲೆ, ಮೊಣಕಾಲಿನ ಹತ್ರ. ಗೇರ್ ಬದಲಿಸಬೇಕಂದ್ರೆ ಒಂದು ಕೈ ಬಿಟ್ಟು, ಬಗ್ಗಿ, ತಡಕಬೇಕು. ಆಗ ಸೈಕಲ್ ಒಂಟಿ ಕೈಯಲ್ಲಿ ಓಲಾಡುತ್ತೆ. ಖಾಲಿ ರಸ್ತೆಯಲ್ಲಿ ಸರಿ. ಆದ್ರೆ ನರಸಾಪುರದ ಕಡೆ ಕೈಗಾರಿಕಾ ಪ್ರದೇಶ ಬಂದ ಮೇಲೆ ನಮ್ಮ ರಸ್ತೆ ಮಾವನ ಕಾಲದ ರಸ್ತೆಯಲ್ಲ. ಕಂಟೇನರ್ ಲಾರಿ, ಕಂಪನಿ ಬಸ್ಸು, ಟೊಮೆಟೊ ಕ್ರೇಟ್ ತುಂಬಿದ ಬೊಲೆರೊ. ಹೋದ ವರ್ಷ ಒಂದು ಬೆಳಿಗ್ಗೆ ನಾನು ಗೇರಿಗೆ ಕೈ ಇಳಿಸಿದ್ದೂ, ಹಿಂದಿನಿಂದ ಲಾರಿ ಹಾರ್ನ್ ಹೊಡೆದಿದ್ದೂ, ಮುಂದೆ ಗುಂಡಿ ಬಂದಿದ್ದೂ ಒಟ್ಟಿಗೇ. ಬಿದ್ದೆ. ರಸ್ತೆಯ ಕಡೆ ಬಿದ್ದಿದ್ರೆ ಇದನ್ನ ಬರೆಯೋಕೆ ಇರ್ತಿರಲಿಲ್ಲ, ಮಣ್ಣಿನ ಕಡೆ ಬಿದ್ದೆ. ಬಲ ಕತ್ತಿನ ಪಕ್ಕದ ಮೂಳೆ ಮುರೀತು. ಕೂಡಿಕೊಂಡಿದೆ, ಆದ್ರೆ ಆ ಕೈ ಕೆಳಗೆ ಚಾಚಿದ್ರೆ ಈಗಲೂ ಚುಚ್ಚುತ್ತೆ.

ಹಾಗಾಗಿ ಎರಡೇ ದಾರಿ ಇತ್ತು. ಸೈಕಲ್ಲನ್ನ ವಾಪಸ್ ಮೊಳೆಗೆ ಹಾಕೋದು, ಇಲ್ಲ ಗೇರನ್ನ ಕೈ ಇರೋ ಜಾಗಕ್ಕೆ ತರೋದು. 1990ರಲ್ಲಿ ಶಿಮಾನೊದವರು ಬ್ರೇಕ್ ಲಿವರಿನಲ್ಲೇ ಗೇರ್ ಇಟ್ಟು ಈ ತಾಪತ್ರಯ ಮುಗಿಸಿದ್ರು. ಆದ್ರೆ ಅದು ಹಳೇ ಐದು ಚಕ್ರದ ಫ್ರೀವೀಲಿಗೆ ಸುಲಭಕ್ಕೆ ಒಗ್ಗಲ್ಲ. ಅದಕ್ಕಿಂತ ಹಳೇ ಉಪಾಯ, ದೂರ ಪ್ರಯಾಣದ ಸೈಕಲ್ಲಿಗರು ಈಗಲೂ ಬಿಡದ ಉಪಾಯ ಅಂದ್ರೆ ಹ್ಯಾಂಡಲ್ ಕೊಂಬಿನ ತುದಿಗೇ ಒಂದೊಂದು ಕಡ್ಡಿ. ಕಿರುಬೆರಳಲ್ಲಿ ಒತ್ತಿದ್ರೆ ಸಾಕು, ಎರಡೂ ಕೈ ಹ್ಯಾಂಡಲ್ ಮೇಲೇ ಇರ್ತಾವೆ. ಅಕ್ಕನ ಮಗ ಅಮೆರಿಕದಿಂದ ಬರುವಾಗ ಒಂದು ಜೊತೆ ತಂದುಕೊಟ್ಟ.

ಅತ್ತೆಗೆ ಹೇಗೆ ಹೇಳೋದು? ಮಾವನ ಹೆಬ್ಬೆರಳಿಗೆ ಸವೆದು ನುಣ್ಣಗಾದ ಕಡ್ಡಿಗಳು ಅವು. ಮೊದಲನೇ ಭಾನುವಾರ ಮಧ್ಯಾಹ್ನದವರೆಗೂ ಸೈಕಲ್ ಒರೆಸುವ ನಾಟಕ ಮಾಡಿದೆ. ಕೊನೆಗೆ ಹೇಳಿಬಿಟ್ಟೆ. ಅತ್ತೆ ಅವರೆಕಾಯಿ ಸುಲಿಯುತ್ತಾ ತಲೆ ಎತ್ತದೆ ಅಂದ್ರು:

"ನಿಮ್ಮಾವಂದೂ ಅಂಗೇ ಆಗಿತ್ತು ಕಣಪ್ಪ. ನರಸಾಪುರದ ರೋಡ್ನಾಗೆ ಗೇರ್ ಆಕಾಕೆ ಬಗ್ಗಿ ಬಿದ್ದು ಮುಂದಿನ ಹಲ್ಲು ಮುರ್ಕೊಂಡಿದ್ರು. ಯಾರ್ಗೂ ಹೇಳ್ಬೇಡ ಅಂದ್ರು. ಬಚ್ಚಲಲ್ಲಿ ಜಾರಿದ್ದು ಅಂತ ನಿಮ್ಗೆಲ್ಲ ಹೇಳಿದ್ವಿ."

ನಾನು ಸ್ಪ್ಯಾನರ್ ಕೈಲಿ ಹಿಡಿದು ಹಾಗೇ ಕೂತಿದ್ದೆ. ಅಷ್ಟು ವರ್ಷ ಆ ಬಚ್ಚಲಿಗೆ ನಾವೆಲ್ಲ ಎಚ್ಚರಿಕೆಯಿಂದ ಕಾಲಿಡ್ತಿದ್ವಲ್ಲ! :)

ಇನ್ನು ಕೆಲಸದ ಮಾತು. ಹೊಸ ಕಡ್ಡಿಯ ಬುಡ ಕೊಳವೆಯೊಳಗೆ ಹೋಗುತ್ತೆ. ಒಳಗಿನ ಬೋಲ್ಟ್ ಬಿಗಿದಂತೆ ಅದು ಅಗಲವಾಗಿ ಕೊಳವೆಯನ್ನ ಒಳಗಿಂದ ಕಚ್ಚುತ್ತೆ. ತುದಿಯಲ್ಲಿ ತುಕ್ಕಿತ್ತು, ಎಮರಿ ಪೇಪರಿನಲ್ಲಿ ಉಜ್ಜಿದೆ. ಆಮೇಲೆ 6 ಮಿಲಿಮೀಟರಿನ ಎಲ್ ಕೀ ಹಾಕಿ ತಿರುಗಿಸಿದೆ, ತಿರುಗಿಸಿದೆ, ತಿರುಗಿಸಿದೆ... ಬಿಗಿ ಆಗೋದಿರಲಿ, ಬುಡ ಕಳಚಿ ಕೈಗೇ ಬಂತು. ಎರಡನೇ ಭಾನುವಾರ ಹಾಗೇ ಹೋಯ್ತು. ಕೊನೆಗೆ ಸರ್ಕಲ್ ಹತ್ರದ ಪಂಕ್ಚರ್ ಅಂಗಡಿ ಹುಡುಗನಿಗೆ ತೋರಿಸಿದೆ. ಒಂದು ನಿಮಿಷ ನೋಡಿ ಹೇಳಿದ:

"ಇದು ಉಲ್ಟಾ ತ್ರೆಡ್ ಅಣ್ಣಾ. ಎಡಗಡೆ ಪೆಡ್ಲಿಗೆ ಇರಲ್ವಾ, ಅಂಗೆ. ಎಡಕ್ಕೆ ತಿರ್ಗ್ಸಿ."

ಎಡಕ್ಕೆ ತಿರುಗಿಸಿದೆ. ಕಚ್ಚಿಕೊಂಡಿತು. ಇಂಜಿನಿಯರಿಂಗ್ ಓದಿದ್ದು ನಾನು, ನೆನಪಿರಲಿ.

ನಿಜವಾದ ತಲೆನೋವು ವೈರಿನದ್ದು. ಮೊದಲು ಗೇರ್ ವೈರ್ ಬೆತ್ತಲಾಗಿ ಕಡ್ಡಿಯಿಂದ ನೇರ ಕೆಳಗೆ ಹೋಗ್ತಿತ್ತು. ಈಗ ಹ್ಯಾಂಡಲ್ ತುದಿಯಿಂದ ಓರೆ ಕೊಳವೆವರೆಗೆ ಅದಕ್ಕೆ ಹೊರಕವಚ ಬೇಕು, ಕವಚ ಬಂದು ತಡೆದು ನಿಲ್ಲೋಕೆ ಕೊಳವೆ ಮೇಲೆ ಒಂದು ಪಟ್ಟಿ ಬೇಕು. ಕವಚವನ್ನ ಸರಿಯಾಗಿ ಅಳೆದು ಕತ್ತರಿಸಬೇಕು. ಹ್ಯಾಂಡಲ್ಲನ್ನ ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಅದು ಎಳೆಯಬಾರದು. ಪಟ್ಟಿ ಎಲ್ಲೂ ಸಿಗಲಿಲ್ಲ. ವೆಲ್ಡಿಂಗ್ ಅಂಗಡಿಯವರು "ಕೊಳವೆಗೇ ಒಂದು ಚುಕ್ಕಿ ಇಟ್ಬಿಡ್ಲಾ?" ಅಂದ್ರು. ಬೇಡವೇ ಬೇಡ ಅಂದೆ. ತೆಳು ಉಕ್ಕಿನ ಕೊಳವೆ, ಸುಟ್ಟು ಹೋದ್ರೆ ಮುಗೀತು. ಕಬ್ಬಿಣದ ಪಟ್ಟಿ ಬಗ್ಗಿಸಿ, ಎರಡು ಚಿಕ್ಕ ಗೂಟ ಇಟ್ಟು, ಸ್ಕ್ರೂ ಹಾಕಿ ಬೇರೆಯಾಗಿಯೇ ಮಾಡಿಕೊಟ್ರು. ಮೊದಲ ಸಲ ಗೇರ್ ಎಳೆದಾಗ ಪಟ್ಟಿ ಪೆಡಲ್ಲಿನ ಕಡೆಗೆ ಜಾರಿತು. ಕಡ್ಡಿ ಎಳೆದಷ್ಟೂ ಕವಚ ಅದನ್ನ ಕೆಳಕ್ಕೆ ತಳ್ಳುತ್ತೆ, ಇದು ನನಗೆ ಹೊಳೆದೇ ಇರಲಿಲ್ಲ. ಹಳೇ ಟ್ಯೂಬಿನ ರಬ್ಬರ್ ತುಂಡು ಒಳಗಿಟ್ಟು ಬಿಗಿದ ಮೇಲೆ ನಿಂತಿತು.

ಇನ್ನೊಂದು ವಿಷಯ, ನೀವು ಯಾರಾದ್ರೂ ಮಾಡೋದಾದ್ರೆ ಉಪಯೋಗಕ್ಕೆ ಬರುತ್ತೆ. ಈ ಕಡ್ಡಿಗಳು ಎಂಟು ಚಕ್ರದ ಸೈಕಲ್ಲಿಗೆ ಲೆಕ್ಕ ಹಾಕಿ 'ಕ್ಲಿಕ್' ಅನ್ನುವಂಥವು. ಅದರಲ್ಲಿ ಚಕ್ರದಿಂದ ಚಕ್ರಕ್ಕೆ 4.8 ಮಿಲಿಮೀಟರ್, ಹಳೇ ಐದರಲ್ಲಿ ಸುಮಾರು 5.5. ಲೆಕ್ಕ ಕೂಡಲ್ಲ. ಪಕ್ಕದ ಉಂಗುರ ತಿರುಗಿಸಿದ್ರೆ ಕ್ಲಿಕ್ ಹೋಗಿ ಕಡ್ಡಿ ಎಲ್ಲಿ ಬಿಟ್ರೆ ಅಲ್ಲೇ ನಿಲ್ಲುತ್ತೆ. ಆಮೇಲೆ ಕಿವಿಯೇ ಗತಿ, ಚೈನಿನ ಕರಕರ ನಿಲ್ಲುವವರೆಗೆ ಸರಿಸಬೇಕು. ಮಾವ ಮಾಡ್ತಿದ್ದೂ ಅದನ್ನೇ.

ಮೂರನೇ ಭಾನುವಾರ ಸಂಜೆ ಸೀತಿ ಬೆಟ್ಟದ ಕಡೆ ಹೊರಟೆ. ಏರು ಬಂದಾಗ ನನ್ನ ಬಲಗೈ ತಾನಾಗೇ ಹ್ಯಾಂಡಲ್ ಬಿಟ್ಟು ಕೆಳಗೆ ಹೋಯ್ತು. ಭುಜ ಚುಚ್ಚಿತು. ಬೆರಳಿಗೆ ಬರೀ ಕೊಳವೆ ಸಿಕ್ಕಿತು. ಕೈ ಮೇಲೆ ತಂದು ತುದಿಯ ಕಡ್ಡಿ ಒತ್ತಿದೆ, ಚೈನ್ ದೊಡ್ಡ ಚಕ್ರಕ್ಕೆ ದಾಟಿತು. ಹಿಂದಿನಿಂದ ಬಂದ ಟಿಪ್ಪರ್ ಪಕ್ಕದಲ್ಲೇ ಹೋಯ್ತು, ಸೈಕಲ್ ಗೆರೆ ಬಿಡಲಿಲ್ಲ.

ಹಳೇ ಕಡ್ಡಿಗಳನ್ನ ಅತ್ತೆ ಎಲೆ ಅಡಿಕೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಮುಂದಿನ ಕೆಲಸ ಬ್ರೇಕು. ರಬ್ಬರು ಕಲ್ಲಾಗಿದೆ. ನಿಮ್ಮಲ್ಲಿ ಯಾರ ಹತ್ರವಾದ್ರೂ ಹಳೇ ವೈನ್‌ಮನ್ ಬ್ರೇಕಿಗೆ ಹೊಂದುವ ರಬ್ಬರ್ ಇದ್ರೆ ಒಂದು ಕಾಮೆಂಟ್ ಹಾಕಿ.