ಮದನಿಕೆಯ ಕಾಲ ಕೆಳಗಿನ ಹೆಸರು

ಬೇಲೂರಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿ ನೋಡಿ. ದರ್ಪಣ ಸುಂದರಿ ಎನ್ನುತ್ತಾರೆ, ತಿರುಗುವ ಬಳೆ ಎನ್ನುತ್ತಾರೆ, ಆಮೇಲೆ ಊಟ ಎಲ್ಲಿ ಚೆನ್ನಾಗಿತ್ತು ಅನ್ನೋ ಮಾತಿಗೆ ಇಳಿಯುತ್ತಾರೆ. ನಾನು ಹೇಳಹೊರಟಿರುವುದು ಆ ಮದನಿಕೆಯರ ಪಾದದ ಕೆಳಗಿರುವ ಅಕ್ಷರಗಳ ವಿಷಯ.

ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ವ್ಯಾನು ಮಾಡಿಕೊಂಡು ಹೋಗಿದ್ದೆವು. ಹಾಸನ ದಾಟುವ ಹೊತ್ತಿಗೆ ಮಾತು ಪಕ್ಕದ ಮನೆಯಾಕೆಯ ಮಗಳ ಮೇಲೆ ಬಂತು. ಹುಡುಗಿಗೆ ಚಿತ್ರಕಲೆ ಓದಬೇಕಂತೆ, ತಾಯಿಗೆ ಸುತರಾಂ ಇಷ್ಟವಿಲ್ಲ. "ಕಲಾವಿದರು ಅಂದ್ರೆ ಗೊತ್ತಲ್ರೀ, ಗಡ್ಡ, ಜೋಳಿಗೆ, ಹಗಲೆಲ್ಲ ನಿದ್ದೆ. ಸಂಸಾರಕ್ಕೆ ಆಗೋ ಜನ ಅಲ್ಲ. ಟೈಲರಿಂಗ್ ಕಲೀಲಿ, ಅದು ಕಸುಬು, ಹೊಟ್ಟೆಗಾದ್ರೂ ಆಗುತ್ತೆ" ಅಂದರು. ಯಾರೂ ಎದುರಾಡಲಿಲ್ಲ. ನಮಗೆಲ್ಲ ಕಲೆ ಅಂದರೆ ಮೊದಲು ನೆನಪಾಗುವುದು ಸೀರೆಗೆ ಅಂಟಿದ ಕಲೆ ತಾನೇ!

ಈ ಅಭಿಪ್ರಾಯ ನಮಗೆ ಎಲ್ಲಿಂದ ಬಂತು? ಜಕಣಾಚಾರಿಯ ಕಥೆ ನಿಮಗೆಲ್ಲ ಗೊತ್ತೇ ಇದೆ. 1964ರಲ್ಲಿ ಸಿನಿಮಾ ಕೂಡ ಬಂತು, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಶಿಲ್ಪದ ಹುಚ್ಚಿನಲ್ಲಿ ಹೆಂಡತಿಯನ್ನು ಬಿಟ್ಟು ಊರೂರು ಅಲೆದ. ಅವನಿಲ್ಲದಾಗ ಹುಟ್ಟಿ ಬೆಳೆದ ಮಗ ಡಂಕಣ ಬೇಲೂರಿಗೆ ಬಂದು, ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. ಒಡೆದು ನೋಡಿದರೆ ಒಳಗೆ ಕಪ್ಪೆ! ಅಪ್ಪ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ. ತುಮಕೂರಿನ ಹತ್ತಿರ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಹೋದ ಕೈ ಮತ್ತೆ ಬಂತು ಎಂದು ಕಥೆ. ಸೊಗಸಾದ ಕಥೆಯೇ. ಆದರೆ ಅಷ್ಟು ವರ್ಷ ಗಂಡನಿಲ್ಲದ ಮನೆಯಲ್ಲಿ ಒಲೆ ಹೊತ್ತಿಸಿ ಆ ಮಗುವನ್ನು ಸಾಕಿದವಳನ್ನು ಯಾರಾದರೂ ವಿಚಾರಿಸುತ್ತೇವೆಯೇ?

ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಕಪ್ಪೆ ಚೆನ್ನಿಗರಾಯನ ವಿಗ್ರಹವನ್ನು ಪ್ರತಿಷ್ಠೆ ಮಾಡಿಸಿದವಳು ರಾಣಿ ಶಾಂತಲೆ ಎಂದು ಪೀಠದ ಮೇಲೇ ಬರೆದಿದೆ. ದೊಡ್ಡ ಗುಡಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಅಲ್ಲಿ ಸಿಗುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಈಗಿನ ಶಿಕಾರಿಪುರ ತಾಲ್ಲೂಕಿನದು. ಅಪ್ಪ ನಾಲ್ಕು ಮದನಿಕೆ, ಮಗ ಐದು ಮದನಿಕೆ ಮಾಡಿದ್ದಾರೆಂದು ಲೆಕ್ಕ. ಹೆಸರಿನ ಜೊತೆಗೆ ಊರು, ತಂದೆಯ ಹೆಸರು, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದು ಬೇರೆ! ಗೈಡು ಇದನ್ನು ಹೇಳುವಾಗ ಪಕ್ಕದ ಮನೆಯಾಕೆ, "ಅಪ್ಪ ಮಗ ಇಬ್ರೂ ಒಂದೇ ಕಡೆ ಕೆಲಸಕ್ಕಿದ್ರಾ?" ಅಂತ ಎರಡು ಸಲ ಕೇಳಿದರು.

ಹಾಗಾದರೆ ಅದು ಕಸುಬೋ, ಕಲೆಯೋ? ಕಸುಬೇ, ಅದರಲ್ಲೇನು ಸಂದೇಹ. ಅಪ್ಪನಿಂದ ಮಗನಿಗೆ ಬಂದ ಉಳಿ, ಸುತ್ತಿಗೆ, ಅಳತೆ. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಅದಕ್ಕೇ ಮಲ್ಲಿಗೆ ಮೊಗ್ಗಿನಷ್ಟು ಸಣ್ಣ ಕೆಲಸವೂ ಅದರಲ್ಲಿ ಸಾಧ್ಯ. ಕಂಬಗಳನ್ನಂತೂ ಬುಗುರಿಯ ಹಾಗೆ ಕಡೆದಿದ್ದಾರೆ. ಮದನಿಕೆಯ ಕೈಬಳೆ ತಿರುಗುತ್ತದೆ ಎಂದರೆ ಅದು ಕೈಚಳಕ. ಎಲ್ಲರೂ ಬಾಯಿ ತೆರೆದು ನೋಡುವುದು ಅದನ್ನೇ. ನನಗೆ ಅದು ಅಷ್ಟು ದೊಡ್ಡದೆನಿಸಲಿಲ್ಲ. ಕಷ್ಟದ ಕೆಲಸ, ಹೌದು, ಅಷ್ಟೇ.

ಆದರೆ ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರ ನೋಡಿ. ಅಲ್ಲೊಂದು ಹಲಸಿನ ಹಣ್ಣು, ಹಣ್ಣಿನ ಮೇಲೆ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಆ ನೊಣವನ್ನು ಕೆತ್ತು ಅಂತ ಯಾವ ರಾಜ ಹೇಳಿದ್ದಾನು? ಅಷ್ಟೆತ್ತರದಲ್ಲಿ ಯಾರ ಕಣ್ಣಿಗೆ ಬಿದ್ದೀತು? ಕೇಳಿದ ಕೆಲಸ ಮುಗಿದ ಮೇಲೂ ಅವನ ಕೈ ನಿಲ್ಲಲಿಲ್ಲ. ಸಾರಿಗೆ ಇಬ್ಬರೂ ಅದೇ ಅಳತೆ ಹಾಕಿದರೂ ಒಬ್ಬಾಕೆಯ ಸಾರು ಹೊಟ್ಟೆ ತುಂಬಿಸುತ್ತದೆ, ಇನ್ನೊಬ್ಬಾಕೆಯದು ನಾಳೆಗೂ ನೆನಪಿರುತ್ತದೆ, ಅಲ್ಲವೇ? ಹಿಂದಿನವರು ಲೆಕ್ಕ ಹಾಕಿದ 64 ಕಲೆಗಳಲ್ಲಿ ಅಡಿಗೆಯೂ ಇದೆ, ಹೊಲಿಗೆಯೂ ಇದೆ, ಹೂ ಕಟ್ಟುವುದೂ ಇದೆ. ಕಸುಬು ಬೇರೆ, ಕಲೆ ಬೇರೆ ಎಂಬ ಗೆರೆ ಅವರಿಗೆ ಇದ್ದಂತಿಲ್ಲ. ಇನ್ನು ಗೋಡೆಯ ತಳದ ಆನೆಗಳ ಸಾಲು. 600ಕ್ಕೂ ಮೇಲಿವೆ. ಅವನ್ನು ಬರೀ ಅಚ್ಚಿನ ಕೆಲಸ ಎನ್ನಲು ನನ್ನ ನಾಲಿಗೆ ಬರದು. ಕೂತು ನೋಡಿ, ಒಂದರ ಸೊಂಡಿಲಿನ ಹಾಗೆ ಇನ್ನೊಂದರದ್ದಿಲ್ಲ.

ಸಮಯವಿದ್ದರೆ ಸೋಮನಾಥಪುರಕ್ಕೂ ಹೋಗಿ. ಅದು 13ನೇ ಶತಮಾನದ್ದು. ಬೇಲೂರು, ಹಳೇಬೀಡಿನ ಜೊತೆ ಅದೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ 'ಮಲ್ಲಿ', ಕೆಲವು ಕಡೆ ಬರೀ 'ಮ'. ಕೂಲಿ ಲೆಕ್ಕಕ್ಕೂ ಹೀಗೆ ಗುರುತು ಹಾಕಿರಬಹುದೆಂದು ಬಲ್ಲವರ ಊಹೆ. ನಾವು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದಂತೆ! ಪಕ್ಕದ ಮನೆಯಾಕೆಗೆ ಇದನ್ನು ಹೇಳಿದಾಗ ನಕ್ಕು, "ಹಾಗಾದ್ರೆ ದುಡ್ಡು ಸರಿಯಾಗಿ ಬರ್ತಿತ್ತು ಅನ್ನಿ" ಅಂದರು. ಮಗಳ ಮಾತು ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಹೋಗುವವರಿಗೆ ಎರಡು ಮಾತು. ಬೇಲೂರಿನಲ್ಲಿ ಚಪ್ಪಲಿ ಹೊರಗೇ ಬಿಡಬೇಕು, ಹತ್ತು ಗಂಟೆ ಮೀರಿದರೆ ಕಲ್ಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಮದನಿಕೆಯರು ಮೇಲೆ ಸೂರಿನ ಕೆಳಗಿದ್ದಾರೆ, ಕತ್ತು ನೋಯುತ್ತದೆ. ಮನೆಯಲ್ಲಿ ದುರ್ಬೀನು ಇದ್ದರೆ ಮರೆಯದೆ ತನ್ನಿ. ಹಲ್ಲಿ ಬೇಗ ಸಿಗುತ್ತದೆ, ನೊಣಕ್ಕೆ ಸ್ವಲ್ಪ ಹುಡುಕಬೇಕು.